ದೂರದ ಚಾರಣದ ಮೊದಲ ದಿನ ಎಷ್ಟು ನಡೆಯಬೇಕು?

ಪ್ರಶ್ನೆ: ಕೆಲವು ವಾರಗಳ ಚಾರಣಕ್ಕೆ ಹೊರಟಿದ್ದೇನೆ. ಕೈಯಲ್ಲಿರುವ ಹಣ ಅಷ್ಟಕ್ಕಷ್ಟೆ. ದಿನ ಹೆಚ್ಚಾದಂತೆ ಖರ್ಚೂ ಹೆಚ್ಚುತ್ತದಲ್ಲ? ಹಾಗಾಗಿ ಮೈಯಲ್ಲಿ ಕಸುವಿರುವ ಮೊದಲ ದಿನವೇ ಆದಷ್ಟು ದೂರ ನಡೆದುಬಿಡುವುದು ಒಳ್ಳೆಯದಲ್ಲವೇ?

ಉತ್ತರ: ಬೇಡ. ದಿನಕ್ಕೆ 20 ಕಿಲೋಮೀಟರ್ ಎಂದು ಲೆಕ್ಕ ಹಾಕಿಕೊಂಡಿದ್ದರೆ ಮೊದಲ ದಿನ ಹತ್ತು–ಹನ್ನೆರಡಕ್ಕೆ ನಿಲ್ಲಿಸಿ. ಈ ಮಾತು ಎಲ್ಲ ಚಾರಣಿಗರಿಗೂ ಸಲ್ಲುತ್ತದೆ, ಕೈ ಬಿಗಿಯಾಗಿರುವವರಿಗೆ ಮಾತ್ರ ಇನ್ನಷ್ಟು ಒತ್ತಿ ಹೇಳಬೇಕು. ದುಡ್ಡಿರುವವರು ಕಾಲು ಕೈಕೊಟ್ಟರೆ ಎರಡು ರಾತ್ರಿ ರೂಮು ಹಿಡಿದು ಮಲಗುತ್ತಾರೆ, ಕಚ್ಚುವ ಶೂ ಬಿಸಾಡಿ ಹೊಸದು ಕೊಳ್ಳುತ್ತಾರೆ, ಮತ್ತೆ ಹೊರಡುತ್ತಾರೆ. ನಿಮ್ಮ ಮಟ್ಟಿಗೆ ಆ ಎರಡು ರಾತ್ರಿಯ ಖರ್ಚು ಚಾರಣವನ್ನೇ ಮುಗಿಸಿಬಿಡಬಹುದು. ಮೊದಲ ದಿನ ಹತ್ತು ಕಿಲೋಮೀಟರ್ ಹೆಚ್ಚು ನಡೆದು ಉಳಿಸುವುದು ಅರ್ಧ ದಿನದ ಖರ್ಚು, ಅಷ್ಟೆ. ಹಿಮ್ಮಡಿ ಸುಲಿದು ಕೂತರೆ ವಸತಿ, ಔಷಧಿ, ವಾಪಸು ಬರುವ ಬಸ್ಸು ಎಲ್ಲಕ್ಕೂ ತೆರಬೇಕು.

ಮೈಯಲ್ಲಿ ಕಸುವಿದೆ ಎಂದಿರಲ್ಲ, ತೊಡಕು ಅಲ್ಲೇ ಇರುವುದು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನೂ ಬೆನ್ನ ಮೇಲಿನ ಭಾರವನ್ನೂ ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ರೂಢಿಯಿಲ್ಲದವರಲ್ಲಿ ಇದರಿಂದ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುತ್ತದೆ, ಆದರೆ ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಆದ್ದರಿಂದ ಮೊದಲ ಸಂಜೆ ‘ಇನ್ನೂ ನಡೆಯಬಲ್ಲೆ’ ಅನ್ನಿಸಿದರೆ ಅದನ್ನು ನಂಬಿ ಮುಂದೆ ಹೋಗಬೇಡಿ. ನಿಜವಾದ ವರದಿ ಮೂರನೇ ದಿನ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳಂತೂ ಹೊಸ ಭಾರಕ್ಕೆ ಒಗ್ಗಿಕೊಳ್ಳಲು ಸ್ನಾಯುಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ದಿನವೂ ಓಡುವ ಗಟ್ಟಿಮುಟ್ಟಾದವರೂ ಮೊದಲ ವಾರದಲ್ಲಿ ಮೊಣಕಾಲು, ಹಿಮ್ಮಡಿ ಹಿಡಿದುಕೊಂಡು ಕೂರುವುದು ಇದಕ್ಕೇ.

ಹತ್ತು–ಹನ್ನೆರಡು ಎಂದೆನಾದರೂ ಬರೀ ಕಿಲೋಮೀಟರ್ ಎಣಿಸಿದರೆ ಸಾಲದು, ಏರನ್ನೂ ಎಣಿಸಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಹನ್ನೆರಡು ಕಿಲೋಮೀಟರ್ ದಾರಿಯಲ್ಲಿ 600 ಮೀಟರ್ ಏರಿದ್ದರೆ ಮೂರೂವರೆ ಗಂಟೆಯ ಹತ್ತಿರ ಬರುತ್ತದೆ. ತುಂಬಿದ ಬ್ಯಾಗು ಹೊತ್ತ ಮೊದಲ ದಿನಕ್ಕೆ ಅದನ್ನು ಐದು ಎಂದೇ ಇಟ್ಟುಕೊಳ್ಳಿ.

ಸ್ಪೇನಿನ ಸಾಂಟಿಯಾಗೊಗೆ ಹೋಗುವ ಯಾತ್ರಾಮಾರ್ಗವನ್ನೇ ನೋಡಿ. ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್ ಊರಿನಿಂದ ಹೊರಟವರು ಮೊದಲ ದಿನವೇ ಪಿರನೀಸ್ ಪರ್ವತ ದಾಟಿ ರೊನ್ಸೆಸ್‌ವಾಯೆಸ್ ಮುಟ್ಟುವುದು ವಾಡಿಕೆ. ದೂರ ಸುಮಾರು 25 ಕಿಲೋಮೀಟರ್, ಏರು 1,200 ಮೀಟರಿಗೂ ಹೆಚ್ಚು, ಕೊನೆಯಲ್ಲಿ ಕಡಿದಾದ ಇಳಿತ. ನೇಸ್ಮಿತ್ ಲೆಕ್ಕದಲ್ಲೇ ಏಳು ಗಂಟೆ. ಇಡೀ ಮಾರ್ಗದ ಅತಿ ಕಷ್ಟದ ದಿನಗಳಲ್ಲೊಂದು ಒಗ್ಗದ ಕಾಲುಗಳ ಪಾಲಿಗೆ ಬರುತ್ತದೆ! ಎಂಟು ಕಿಲೋಮೀಟರ್ ದೂರದ ಓರಿಸೋನ್‌ನಲ್ಲಿ ತಂಗುದಾಣವಿದೆ. ಹಾಸಿಗೆಗಳು ಕಡಿಮೆ, ಮೊದಲೇ ಕಾದಿರಿಸಬೇಕು. ಆದರೂ ಆ ದಿನವನ್ನು ಎರಡಾಗಿ ಮುರಿಯಿರಿ ಎಂದೇ ನನ್ನ ಸಲಹೆ.

‘ಹಾಗಾದರೆ ಒಂದು ದಿನ ದಂಡವಲ್ಲವೇ?’ ಎನ್ನಬಹುದು. ದಂಡವಾಗದಂತೆ ಮಾಡುವ ಉಪಾಯವಿದೆ. ದಾರಿಯ ಆರಂಭಕ್ಕೆ ಬಸ್ಸಿನಲ್ಲೋ ರೈಲಿನಲ್ಲೋ ಬಂದಿಳಿಯುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಹೆಚ್ಚಿನವರು ಆ ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುತ್ತಾರೆ. ನೀವು ಇಳಿದವರೇ ನೀರು ತುಂಬಿಸಿಕೊಂಡು ನಡೆಯಲು ಶುರುಮಾಡಿ, ಎಂಟು–ಹತ್ತು ಕಿಲೋಮೀಟರ್ ಒಳಗೆ ಟೆಂಟ್ ಹಾಕಲು ಅನುಮತಿ ಇರುವ ಜಾಗದಲ್ಲಿ ಉಳಿದುಕೊಳ್ಳಿ. ಒಂದು ರಾತ್ರಿಯ ಬಾಡಿಗೆ ಉಳಿಯಿತು, ಮೊದಲ ದಿನ ತಾನಾಗಿಯೇ ಚಿಕ್ಕದಾಯಿತು. ಒಂದೇ ಷರತ್ತು: ಕತ್ತಲಾಗಲು ಎರಡು ಗಂಟೆ ಇರುವಾಗಲೇ ಬಿಡಾರ ಸೇರಬೇಕು. ಬಸ್ಸು ತಡವಾಗಿ ಅಷ್ಟು ಹೊತ್ತು ಸಿಗದಿದ್ದರೆ ಹಠ ಬೇಡ, ಬೆಳಿಗ್ಗೆಯೇ ಹೊರಡಿ.

ಆ ದಿನದ ನಿಜವಾದ ಕೆಲಸ ಪಾದಗಳನ್ನು ಕಾಯುವುದು. ಹೊರಟ ಅರ್ಧ ಗಂಟೆಗೆ ಒಮ್ಮೆ ನಿಂತು ಶೂ ಬಿಚ್ಚಿ ನೋಡಿ, ಏನೂ ಅನ್ನಿಸದಿದ್ದರೂ ನೋಡಿ. ಒಳಗಿನ ಮೂಳೆ ಸರಿದಾಡುವಾಗ ಮೇಲಿನ ಚರ್ಮ ಸಾಕ್ಸಿಗೆ ಅಂಟಿಕೊಂಡೇ ನಿಂತರೆ ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ, ಅದೇ ಗುಳ್ಳೆ. ಬೆವರಿಗೆ ಒದ್ದೆಯಾದ ಚರ್ಮದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಗುಳ್ಳೆ ಏಳುವ ಮುನ್ನ ಆ ಜಾಗ ಬಿಸಿಯಾಗಿ, ಚುರುಗುಟ್ಟಿದಂತಾಗಿ ಸೂಚನೆ ಕೊಡುತ್ತದೆ. ಆ ಕ್ಷಣವೇ ನಿಂತು, ಒರೆಸಿ ಒಣಗಿಸಿ, ಟೇಪು ಸುತ್ತಬೇಕು. ‘ಮುಂದಿನ ತಿರುವಿನಲ್ಲಿ ನೋಡೋಣ’ ಎಂದು ಮುಂದೂಡಿದ ಹತ್ತು ನಿಮಿಷ ಆಮೇಲೆ ವಾರವಿಡೀ ಕಾಡುತ್ತದೆ. ಒಂದು ಸುರುಳಿ ಅಂಟುಪಟ್ಟಿ, ಬದಲಿಸಿ ಹಾಕಿಕೊಳ್ಳಲು ಇನ್ನೊಂದು ಜೊತೆ ಸಾಕ್ಸ್: ಇವೆರಡಕ್ಕೆ ಖರ್ಚು ಮಾಡಲು ಕೈ ಬಿಗಿ ಹಿಡಿಯಬೇಡಿ. ನಡೆದಂತೆ ಪಾದ ಊದಿಕೊಳ್ಳುವುದರಿಂದ ಶೂನಲ್ಲಿ ಬೆರಳುಗಳಿಗೆ ತುಸು ಜಾಗ ಇರಲಿ. ಹಳೆಯದಾದರೂ ಕಾಲಿಗೆ ಹೊಂದಿಕೊಂಡ ಶೂ ಮೊದಲ ದಿನ ಹೊಸ ದುಬಾರಿ ಶೂಗಿಂತ ಮೇಲು.

ಅಗ್ಗದ ಸಾಮಾನಿಟ್ಟುಕೊಂಡು ದೂರ ಹೋಗಲಾದೀತೇ ಎಂಬ ಅಳುಕಿದ್ದರೆ ಎಮ್ಮಾ ಗೇಟ್‌ವುಡ್ ಅವರನ್ನು ನೆನೆಯಿರಿ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್ ಟ್ರೇಲನ್ನು ಒಂದೇ ಋತುವಿನಲ್ಲಿ ಒಬ್ಬರೇ ನಡೆದು ಮುಗಿಸಿದ ಮೊದಲ ಮಹಿಳೆ ಅವರು. 3,200 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಚೀಲ, ಹೊದೆಯಲು ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಟೆಂಟ್ ಇರಲಿಲ್ಲ. ಹಿಂದಿನ ವರ್ಷ ಅವರು ಅರ್ಧಕ್ಕೇ ಹಿಂದಿರುಗಿದ್ದರು; ಅದಕ್ಕೆ ಕಾರಣ ಅಗ್ಗದ ಸಾಮಾನಲ್ಲ, ದಾರಿ ತಪ್ಪಿ ಕನ್ನಡಕ ಒಡೆದುಕೊಂಡಿದ್ದು. ಅವರಂತೆಯೇ ಹೋಗಿ ಎನ್ನುವುದಿಲ್ಲ. ಚಳಿ ಇರುವ ಕಡೆ ಬೆಚ್ಚನೆಯ ಹೊದಿಕೆ, ಮೈಯ ಶಾಖವನ್ನು ನೆಲ ಎಳೆದುಕೊಳ್ಳದಂತೆ ಕೆಳಗೊಂದು ಚಾಪೆ ಬೇಕೇ ಬೇಕು. ಟೆಂಟನ್ನು ಎರವಲು ತರಬಹುದು. ಬ್ಯಾಗಿಗೆ ಮಳೆ ಹೊದಿಕೆ ಕೊಳ್ಳುವ ಬದಲು ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟರೂ ಬಟ್ಟೆ ಒದ್ದೆಯಾಗದು. ನೀರಿಗೆ ಸಾಧಾರಣ ಪ್ಲಾಸ್ಟಿಕ್ ಬಾಟಲಿಗಳೇ ಸಾಕು, ಹಗುರ ಕೂಡ.

ಇಷ್ಟಾದರೂ ಅರ್ಧ ದೂರಕ್ಕೆ ನಿಲ್ಲುವುದು ಸುಲಭವಲ್ಲದ ದಾರಿಗಳಿವೆ. ಅಮೆರಿಕದ ಪಶ್ಚಿಮ ಭಾಗದ ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನು ಅದರ ದಕ್ಷಿಣ ತುದಿಯ ಕ್ಯಾಂಪೊ ಊರಿನಿಂದ ಶುರುಮಾಡಿದವರಲ್ಲಿ ಅನೇಕರು ಸುಮಾರು 32 ಕಿಲೋಮೀಟರ್ ಆಚೆಯ ಲೇಕ್ ಮೊರೇನಾವನ್ನು ಮೊದಲ ದಿನವೇ ಮುಟ್ಟಲು ಹವಣಿಸುತ್ತಾರೆ, ಏಕೆಂದರೆ ನಡುವೆ ಒಣ ಬೆಟ್ಟಗುಡ್ಡ, ಬೇಸಿಗೆ ಸಮೀಪಿಸಿದಂತೆ ನಂಬಿಕೊಳ್ಳಬಹುದಾದ ನೀರು ಸಿಗುವುದು ಕಷ್ಟ. ಇಂಥ ಕಡೆ ನೀರನ್ನು ಹೊತ್ತು ದಿನವನ್ನು ಮುರಿಯಬೇಕು. ಒಂದು ಲೀಟರ್ ಅಂದರೆ ಒಂದು ಕಿಲೋ. ನಡೆಯುವಾಗ ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಅದಕ್ಕೂ ಹೆಚ್ಚು; ರಾತ್ರಿಗೆ, ಅಡುಗೆಗೆ, ಬೆಳಗಿಗೆ ಬೇರೆ. ಭಾರ ಏರುತ್ತದೆ ನಿಜ, ಆದರೆ ಕುಡಿದಂತೆಲ್ಲ ಇಳಿಯುತ್ತಲೂ ಹೋಗುತ್ತದೆ. ಆ ಭಾರವನ್ನು ಸರಿದೂಗಿಸಲು ಬೇಡದ ಬಟ್ಟೆ, ಎರಡನೇ ಚಾಕು, ಓದಲು ತಂದ ದಪ್ಪ ಪುಸ್ತಕವನ್ನು ಹೊರಡುವ ಮುನ್ನವೇ ತೆಗೆದಿಡಿ. ದಾರಿಯ ಮಧ್ಯೆ ಅವನ್ನು ಮನೆಗೆ ಕಳಿಸುವ ಅಂಚೆ ಖರ್ಚೂ ನಿಮ್ಮ ಜೇಬಿನಿಂದಲೇ ಹೋಗುವುದು.