ಹಳೇ ಕಟ್ಟಡಕ್ಕೆ ಗಾಜಿನ ಗುಮ್ಮಟ ಯಾಕೆ?

ಪ್ರಶ್ನೆ: ಪಾರ್ಲಿಮೆಂಟ್, ಪುರಭವನದಂಥ ಹಳೇ ಕಟ್ಟಡಗಳಿಗೆ ಹೊಸ ಭಾಗ ಸೇರಿಸುವಾಗ ಗಾಜು, ಉಕ್ಕು ಅಂತ ಕಣ್ಣಿಗೆ ಹೊಡೆಯುವ ಹಾಗೆ ಯಾಕೆ ಕಟ್ಟುತ್ತಾರೆ? ಹಳೇ ಶೈಲಿಯಲ್ಲೇ ಕಟ್ಟಿದರೆ ಜಗಳವೇ ಇರುವುದಿಲ್ಲ ಅಲ್ವಾ?

ಜಗಳ ಆಗಲೂ ತಪ್ಪುವುದಿಲ್ಲ, ಕಾರಣ ಬೇರೆ ಇರುತ್ತದೆ ಅಷ್ಟೇ. ನಮ್ಮ ವಿಕಾಸಸೌಧವನ್ನೇ ನೋಡಿ. 2005ರಲ್ಲಿ ಉದ್ಘಾಟನೆಯಾದ ಕಟ್ಟಡ, ಆದರೆ 1956ರಲ್ಲಿ ಮುಗಿದ ವಿಧಾನಸೌಧದ ಅಚ್ಚಿನಲ್ಲೇ ಇದೆ. ಹೊಸಬರು ಎರಡೂ ಒಂದೇ ಕಾಲದವು ಅಂದುಕೊಳ್ಳುವುದು ಸಹಜ. ಈ ಗೊಂದಲ ಬೇಡ ಅಂತಲೇ 1964ರ ವೆನಿಸ್ ಸನ್ನದು (ಹಳೇ ಸ್ಮಾರಕಗಳನ್ನು ಕಾಪಾಡುವ ಬಗ್ಗೆ ತಜ್ಞರು ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದ) ಹೇಳುತ್ತದೆ: ಹೊಸದಾಗಿ ಸೇರಿಸಿದ್ದರ ಮೇಲೆ ಅದರ ಕಾಲದ ಗುರುತು ಇರಬೇಕು.

ಬರ್ಲಿನ್ನಿನ ರೈಷ್‌ಟಾಗ್‌ನಲ್ಲಿ, ಅಂದರೆ ಜರ್ಮನಿಯ ಸಂಸತ್ ಭವನದಲ್ಲಿ, ಇದೇ ವಿಷಯಕ್ಕೆ ದೊಡ್ಡ ಜಟಾಪಟಿ ನಡೆಯಿತು. 1894ರಲ್ಲಿ ಮುಗಿದ ಆ ಕಟ್ಟಡಕ್ಕೆ 1933ರಲ್ಲಿ ಬೆಂಕಿ ಬಿತ್ತು, ಆಮೇಲೆ ಯುದ್ಧದ ಪೆಟ್ಟು. ಗುಮ್ಮಟದಲ್ಲಿ ಉಳಿದಿದ್ದನ್ನು 1954ರಲ್ಲಿ ಕೆಡವಿದರು. ಜರ್ಮನಿ ಒಂದಾದ ಮೇಲೆ ನವೀಕರಣದ ಕೆಲಸ ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಕೈಗೆ ಬಂತು. ಅವರ ಮೊದಲ ನಕ್ಷೆಯಲ್ಲಿ ಗುಮ್ಮಟವೇ ಇರಲಿಲ್ಲ! ಇಡೀ ಕಟ್ಟಡದ ಮೇಲೆ ದೊಡ್ಡ ಚಪ್ಪಟೆ ಚಾವಣಿ ಇತ್ತು. ಹಳೇ ಗುಮ್ಮಟವೇ ಬೇಕು ಅಂತ ಕೆಲವು ಸಂಸದರು ಪಟ್ಟು ಹಿಡಿದರು. ಫಾಸ್ಟರ್ ನಕಲು ಮಾಡಲು ಒಪ್ಪಲಿಲ್ಲ. ಆ ಹಗ್ಗಜಗ್ಗಾಟದಿಂದಲೇ 1999ರ ಗಾಜಿನ ಗುಮ್ಮಟ ಬಂತು. ಹಳೆಯದೂ ಉಕ್ಕು ಗಾಜಿನದೇ, ಅದರ ಕಾಲಕ್ಕೆ ಅದೂ ಹೊಸತು ಅನ್ನುವುದನ್ನು ನಾವು ಮರೆಯುತ್ತೇವೆ.

ಹೊಸ ಗುಮ್ಮಟದ ಒಳಗೆ ಸುರುಳಿಯಾಗಿ ಏರುವ ಇಳಿಜಾರು ದಾರಿಯಿದೆ. ಜನ ನಡೆದು ಮೇಲೆ ಹೋಗುತ್ತಾರೆ, ಸಂಸತ್ತಿನ ಸಭೆ ಅವರ ಕಾಲ ಕೆಳಗೆ ಇರುತ್ತದೆ. ನಡುವಿನ ಶಂಕುವಿಗೆ 360 ಕನ್ನಡಿ ಕೂರಿಸಿದ್ದಾರೆ. ಅವು ಹಗಲಿನ ಬೆಳಕನ್ನು ಸಭಾಂಗಣಕ್ಕೆ ಇಳಿಸುತ್ತವೆ, ಕೆಳಗಿನ ಬಿಸಿ ಗಾಳಿ ಅದೇ ಶಂಕುವಿನೊಳಗಿಂದ ಹೊರಗೆ ಹೋಗುತ್ತದೆ. 1945ರಲ್ಲಿ ಸೋವಿಯತ್ ಸೈನಿಕರು ಗೋಡೆ ಮೇಲೆ ಗೀಚಿದ ಹೆಸರುಗಳೂ ಹಾಗೇ ಇವೆ. ಅಳಿಸಿ ಅಂದವರಿದ್ದರು. ಉಳಿಸಿದ್ದೇ ಸರಿ ಅಂತ ನನಗನ್ನಿಸುತ್ತದೆ.

ಹಾಗಂತ ಏನು ಬೇಕಾದರೂ ಕಟ್ಟಬಹುದು ಅಂತಲ್ಲ. ಸೇರಿಸಿದ್ದು ಹಳೆಯದರ ಅಂದವನ್ನು, ಸುತ್ತಲಿನ ಜಾಗವನ್ನು ಕೆಡಿಸಬಾರದು ಅಂತಲೂ ಅದೇ ಸನ್ನದಿನಲ್ಲಿದೆ. ಈ ಮಾತನ್ನು ಮಾತ್ರ ವಾಸ್ತುಶಿಲ್ಪಿಗಳು ಜಾಸ್ತಿ ನೆನಪಿಸುವುದಿಲ್ಲ.

ಕೆಡುತ್ತದೋ ಇಲ್ಲವೋ ಅಂತ ಮೊದಲೇ ತಿಳಿಯುವುದು ಹೇಗೆ? ಪ್ಯಾರಿಸ್ಸಿನಲ್ಲಿ ಲೂವ್ರ್ ವಸ್ತುಸಂಗ್ರಹಾಲಯದ ಅಂಗಳದ ಗಾಜಿನ ಪಿರಮಿಡ್‌ಗೆ ಭಾರಿ ವಿರೋಧವಿತ್ತು. ಆಗ ಮೇಯರ್ ಆಗಿದ್ದ ಜಾಕ್ ಶಿರಾಕ್ ಕೇಳಿದ್ದಕ್ಕೆ 1985ರಲ್ಲಿ ಅದೇ ಜಾಗದಲ್ಲಿ, ಅದೇ ಅಳತೆಗೆ, ಕೇಬಲ್ ಎಳೆದು ಪಿರಮಿಡ್‌ನ ಆಕಾರ ತೋರಿಸಿದರು. ಸಾವಿರಾರು ಜನ ಬಂದು ಕಣ್ಣಾರೆ ನೋಡಿದರು. ನಿಮ್ಮೂರಿನ ಹಳೇ ಪುರಭವನಕ್ಕೆ ಇಂಥ ಯೋಜನೆ ಬಂದರೆ, ಕಂಪ್ಯೂಟರ್ ಚಿತ್ರ ನೋಡಿ ಸುಮ್ನೆ ತಲೆಯಾಡಿಸಬೇಡಿ. ಅಲ್ಲೇ ಹಗ್ಗ ಕಟ್ಟಿ ಎತ್ತರ ತೋರಿಸಿ ಅಂತ ಕೇಳಿ.