ಹೆಡ್ ಹೋಗಿದೆ ಅಂದರೆ ಏನು ಹೋಗಿದೆ?

ಚಾರ್ಮಾಡಿ ಘಾಟಿಯ ಏರು. ಮುಂದೆ ಲಾರಿ, ಹಿಂದೆ ಬಸ್ಸು. ಎರಡನೇ ಗೇರ್, ಎಸಿ ಆನ್, ಕಾರಿನಲ್ಲಿ ಐದು ಜನ. ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿನ್ನುವ ಮಾತು ನಡೆದಿತ್ತು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದು ಕಂಡಿತು. ನಿಲ್ಲಿಸೋಣ ಅನ್ನುವಷ್ಟರಲ್ಲಿ ಅದೇ ಕೆಳಗಿಳಿಯಿತು. ಸದ್ಯ, ಸರಿಹೋಯ್ತು ಎಂದು ಹಾಗೇ ಓಡಿಸಿದೆ.

ಸರಿಹೋಗಿರಲಿಲ್ಲ. ಬಿಸಿ ಅಳೆಯುವ ಸೆನ್ಸರ್, ಎಂಜಿನ್ ತಣ್ಣಗಿಡುವ ನೀರಿನಲ್ಲಿ (ಕೂಲೆಂಟ್) ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರೇ ಕುದಿದು ಹೊರಹೋದರೆ ಅದು ಬರೀ ಆವಿಯನ್ನು ಅಳೆದು ಸುಳ್ಳು ಲೆಕ್ಕ ಕೊಡಬಹುದು. ಮುಳ್ಳು ಇದ್ದಕ್ಕಿದ್ದಂತೆ ಇಳಿದದ್ದು ಅದಕ್ಕೇ.

ವಾರದ ನಂತರ ಹೊಸ ಆಟ ಶುರುವಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಗಡಗಡ ನಡುಗುತ್ತಿತ್ತು, ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ. ಸ್ವಲ್ಪ ಹೊತ್ತಿಗೆ ಎಲ್ಲ ಮಾಯ. ಮೂರು ದಿನಕ್ಕೊಮ್ಮೆ ಕೂಲೆಂಟ್ ಕಡಿಮೆಯಾಗುತ್ತಿತ್ತು, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಮೆಕ್ಯಾನಿಕ್ ಒಂದೇ ಮಾತು ಹೇಳಿದರು: 'ಹೆಡ್ ಹೋಗಿದೆ ಸಾರ್.'

ಎಂಜಿನ್ ಬ್ಲಾಕ್ ಕುಕ್ಕರ್ ಆದರೆ ಸಿಲಿಂಡರ್ ಹೆಡ್ ಅದರ ಮುಚ್ಚಳ. ನಡುವಿನ ಹೆಡ್ ಗ್ಯಾಸ್ಕೆಟ್ ಕುಕ್ಕರಿನ ರಬ್ಬರಿನ ಹಾಗೆ. ಆದರೆ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಎರಡು ಪಟ್ಟು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಎಂಜಿನ್ ಸಿಲಿಂಡರಿನಲ್ಲಿ ಅದು ಸುಮಾರು 50 ಪಟ್ಟು ತಲುಪುತ್ತದೆ. ಅಕ್ಕಪಕ್ಕದಲ್ಲೇ ಕೂಲೆಂಟ್‌ನ ದಾರಿ, ಆಯಿಲ್‌ನ ದಾರಿ. ಬೆಂಕಿ, ನೀರು, ಎಣ್ಣೆ ಮೂರನ್ನೂ ಒಂದನ್ನೊಂದು ಮುಟ್ಟದಂತೆ ಕಾಯುವುದು ಒಂದು ತೆಳು ಹಾಳೆ. ಹಾಗಾಗಿ ಪತ್ತೆ ಮಾಡಬೇಕಾದದ್ದು ಇಷ್ಟೇ: ಯಾವುದು ಯಾವುದರ ಜೊತೆ ಸೇರಿದೆ?

ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಎಣ್ಣೆಗೆ ಸೇರಿದೆ. ಎಂಜಿನ್ ಓಡುವಾಗ ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಉರಿದ ಅನಿಲ ನೀರಿಗೆ ನುಗ್ಗುತ್ತಿದೆ. ಇದಕ್ಕೊಂದು ಚಂದದ ಪರೀಕ್ಷೆ ಇದೆ. ಟ್ಯಾಂಕಿನ ಮೇಲಿನ ಗಾಳಿಯನ್ನು ನೀಲಿ ದ್ರವದೊಳಗೆ ಹಾಯಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿ ಬರುತ್ತದೆ. ನನ್ನ ಕಾರಿನ ದ್ರವ ನೋಡನೋಡುತ್ತಲೇ ಹಳದಿಯಾಯಿತು.

ಹಾಗಾದರೆ ಹೊಗೆ ಬೆಳಗ್ಗೆ ಮಾತ್ರ ಯಾಕೆ? ಎಂಜಿನ್ ಓಡುವಾಗ ಸಿಲಿಂಡರಿನ ಒತ್ತಡವೇ ಜೋರು, ಅನಿಲವನ್ನು ನೀರಿನ ಕಡೆಗೆ ತಳ್ಳುತ್ತದೆ. ಆಫ್ ಮಾಡಿದ ಮೇಲೆ ಲೆಕ್ಕ ತಿರುಗುಮುರುಗು. ಒತ್ತಡ ಉಳಿದಿರುವುದು ಬಿಸಿ ಕೂಲೆಂಟ್‌ನಲ್ಲಿ. ಅದು ರಾತ್ರಿಯಿಡೀ ಹನಿಹನಿಯಾಗಿ ಸಿಲಿಂಡರಿಗೆ ಜಿನುಗುತ್ತದೆ. ಬೆಳಗ್ಗೆ ಅದೇ ಆವಿಯಾಗಿ ಹೊರಬರುತ್ತದೆ. ಹಾಗಂತ ಚಳಿಗಾಲದ ತೆಳು ಹೊಗೆ ನೋಡಿ ಗಾಬರಿ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ! ಕೂಲೆಂಟ್ ಕಡಿಮೆಯಾಗದಿದ್ದರೆ ಹೊಗೆ ಸುಮ್ನೆ ಹೊಗೆ.

ಇಷ್ಟಕ್ಕೂ ಬಿಸಿಗೆ ಹೆಡ್ ಯಾಕೆ ಕೆಡಬೇಕು? ಹಳೆಯ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಬ್ಲಾಕೂ ಬೀಡುಕಬ್ಬಿಣ, ಹೆಡ್ಡೂ ಬೀಡುಕಬ್ಬಿಣ. ಈಗಿನ ಕಾರುಗಳ ಹೆಡ್ ಅಲ್ಯೂಮಿನಿಯಂ. ಹಗುರ, ಬಿಸಿಯನ್ನು ಬೇಗ ದಾಟಿಸುತ್ತದೆ. ಆದರೆ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. 35 ಸೆಂ.ಮೀ. ಉದ್ದದ ಹೆಡ್ 100 ಡಿಗ್ರಿ ಏರಿದರೆ ಸುಮಾರು 0.8 ಮಿ.ಮೀ. ಬೆಳೆಯುತ್ತದೆ. ಕೆಳಗೆ ಕಬ್ಬಿಣದ ಬ್ಲಾಕ್ ಇದ್ದರೆ ಅದು ಬೆಳೆಯುವುದು ಅದರ ಅರ್ಧ. ಬಿಸಿ ಮಿತಿ ಮೀರಿದಾಗ ಹೆಡ್‌ಗೆ ಹಿಗ್ಗುವ ಆಸೆ, ಬೋಲ್ಟ್‌ಗಳು ಬಿಡುವುದಿಲ್ಲ. ಮೆತ್ತಗಾದ ಲೋಹ ಇದ್ದಲ್ಲೇ ಅಮುಕಿಕೊಂಡು, ತಣ್ಣಗಾದ ಮೇಲೆ ಬಾಗಿದಂತೆಯೇ ಉಳಿಯುತ್ತದೆ. ತೆಳು ಅಲ್ಯೂಮಿನಿಯಂ ತವಾ ಒಲೆಯ ಮೇಲೆ ಮರೆತರೆ ನಡುವೆ ಉಬ್ಬುತ್ತದೆ ಅಲ್ವಾ, ಹಾಗೆ.

ಮೊದಲ ಗ್ಯಾರೇಜಿನಲ್ಲಿ ಗ್ಯಾಸ್ಕೆಟ್ ಮಾತ್ರ ಬದಲಿಸಿದರು. ಎರಡು ತಿಂಗಳಿಗೆ ಹೊಗೆ ವಾಪಸ್. ಎರಡನೇ ಮೆಕ್ಯಾನಿಕ್ ಹೆಡ್ ಬಿಚ್ಚಿ, ಒರೆಸಿ, ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಅಡ್ಡಡ್ಡ ಇಟ್ಟರು. ಫೀಲರ್ ಗೇಜಿನ ತೆಳು ಎಲೆಗಳನ್ನು ಒಂದೊಂದಾಗಿ ಅಡಿಯಲ್ಲಿ ತೂರಿಸಿದರು. ಎಷ್ಟೋ ಕಾರುಗಳಲ್ಲಿ 0.05 ಮಿ.ಮೀ. ದಾಟಿದರೆ ಹೆಡ್ ಬಾಗಿದೆ ಎಂದೇ ಲೆಕ್ಕ, ತಲೆಕೂದಲಿಗಿಂತ ತೆಳು. ನನ್ನದರಲ್ಲಿ 0.15ರ ಎಲೆ ಸಲೀಸಾಗಿ ಹೋಯಿತು. ಹೊಸ ಗ್ಯಾಸ್ಕೆಟ್ ಏನು ಮಾಡೀತು ಪಾಪ!

ಹೆಡ್ ಫೇಸಿಂಗ್‌ಗೆ, ಅಂದರೆ ಮೇಲ್ಮೈ ಕೆರೆದು ಸಮತಟ್ಟು ಮಾಡಿಸಲು, ಹೋಯಿತು. ಅದಕ್ಕೂ ಮೊದಲು ಬಿರುಕು ಹುಡುಕಿದರು: ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಗೆ ಅದ್ದಿದರು. ಪಂಕ್ಚರ್ ಅಂಗಡಿಯ ಟ್ಯೂಬ್‌ನ ಹಾಗೇ. ಗುಳ್ಳೆ ಏಳಲಿಲ್ಲ. ವಾಲ್ವ್‌ಗಳ ನಡುವೆ ಬಿರುಕು ಬಿಟ್ಟಿದ್ದರೆ ಬಹುಶಃ ಬೇರೆ ಹೆಡ್ಡೇ ಬೇಕಾಗುತ್ತಿತ್ತು. ಫೇಸಿಂಗ್‌ನಲ್ಲಿ ಕೂದಲೆಳೆಯಷ್ಟನ್ನೇ ಕೆರೆಯುತ್ತಾರೆ. ಜಾಸ್ತಿ ಕೆರೆದರೆ ಕಂಪ್ರೆಷನ್ ಏರಿ ಎಂಜಿನ್ ಕುಟ್ಟತೊಡಗುತ್ತದೆ.

ಜೋಡಿಸುವಾಗ ಬೋಲ್ಟ್‌ಗಳು ಹೊಸವು. ಈಗಿನ ಎಷ್ಟೋ ಕಾರುಗಳಲ್ಲಿ ಅವನ್ನು ಬೇಕೆಂದೇ ಎಳೆದು ಬಿಗಿಯುತ್ತಾರೆ, ಒಮ್ಮೆ ಎಳೆದ ಬೋಲ್ಟ್ ಮತ್ತೆ ಬಳಕೆಗೆ ಬಾರದು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದರು. ಇದು ಅವಸರದ ಕೆಲಸವಲ್ಲ. ಅವರು ನಡುವೆ ಫೋನ್ ಕೂಡ ಎತ್ತಲಿಲ್ಲ.

ಕೊನೆಗೆ ಬಿಸಿ ಕೂಲೆಂಟ್ ತಣಿಸುವ ರೇಡಿಯೇಟರ್ ತೆಗೆದು ಅದರ ಬಾಯಿಯ ಹತ್ತಿರ ಟಾರ್ಚ್ ಹಿಡಿದರು. ಕೊಳವೆಗಳ ತುಂಬ ಬಿಳಿ ಪದರ, ಬಚ್ಚಲಿನ ಹಂಡೆಯಲ್ಲಿ ಕಟ್ಟುತ್ತದಲ್ಲ, ಅಂಥದ್ದೇ ಸುಣ್ಣ. 'ಯಾವ ನೀರು ಹಾಕ್ತೀರಿ?' ಎಂದರು. ನಾನು ಡಿಕ್ಕಿಯಿಂದ ಐದು ಲೀಟರಿನ ಕ್ಯಾನ್ ತಂದು ತೋರಿಸಿದೆ. ಮನೆಯ ಬೋರ್‌ವೆಲ್ ನೀರು. ಅವರು ಏನೂ ಅನ್ನದೆ ಕ್ಯಾನ್ ಇಸಕೊಂಡು ಗ್ಯಾರೇಜಿನ ಮುಂದಿನ ದಾಸವಾಳದ ಬುಡಕ್ಕೆ ಸುರಿದರು.