ಎಂಎಸ್‌ಗೆ ಸಾಬೀತಾಗದ ಚಿಕಿತ್ಸೆ: ‘ಒಮ್ಮೆ ನೋಡಿಬಿಡೋಣ’ ಎನ್ನುವ ಮುನ್ನ

ಪ್ರಶ್ನೆ: ಕೆಲವು ವರ್ಷಗಳಿಂದ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಔಷಧಿ ತಪ್ಪಿಸಿಲ್ಲ, ಆದರೂ ಕಾಲಿನ ಬಲ ಕುಗ್ಗುತ್ತಿದೆ. ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿಕೊಂಡ ಕೆಲವರು ಮತ್ತೆ ನಡೆದಾಡುವ ವಿಡಿಯೊಗಳನ್ನು ನೋಡಿದೆ. ನಮ್ಮ ವೈದ್ಯರು ‘ಸಾಬೀತಾಗಿಲ್ಲ, ಬೇಡ’ ಎನ್ನುತ್ತಾರೆ. ಒಮ್ಮೆ ಮಾಡಿಸಿ ನೋಡಿದರೆ ಕಳೆದುಕೊಳ್ಳುವುದೇನು?

ಉತ್ತರ: ಕಾಲು ಸೋಲುತ್ತಿರುವವರಿಗೆ ಸುಮ್ಮನೆ ಕಾಯುವುದೂ ನಷ್ಟವೇ. ನಿಮ್ಮ ಆಸೆಯನ್ನು ಮೂಢತನ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಅದರಲ್ಲಿರುವವರು ಸುಳ್ಳು ಹೇಳುತ್ತಿದ್ದಾರೆಂದಲ್ಲ, ಅವರ ನಡಿಗೆ ನಿಜವಾಗಿಯೂ ಸುಧಾರಿಸಿರಬಹುದು. ಸುಧಾರಿಸಿದ್ದು ಚಿಕಿತ್ಸೆಯಿಂದಲೇ ಎಂಬುದನ್ನು ಮಾತ್ರ ವಿಡಿಯೊ ತೋರಿಸಲಾರದು.

ಕಾರಣ ಈ ಕಾಯಿಲೆಯ ಸ್ವಭಾವದಲ್ಲೇ ಇದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳಲ್ಲಿ ನರಗಳ ಮೈಲಿನ್ ಹೊದಿಕೆಯ ಮೇಲೆ ಎರಗುತ್ತದೆ. ಶೇ 85ರಷ್ಟು ರೋಗಿಗಳಲ್ಲಿ ಮೊದಮೊದಲು ಇದು ಬಂದು ಹೋಗುವ ಬಗೆಯದು. ರಿಲ್ಯಾಪ್ಸ್ ಆದಾಗ, ಅಂದರೆ ಕಾಯಿಲೆ ಮರುಕಳಿಸಿದಾಗ, ಕಣ್ಣು ಮಂಜಾಗುತ್ತದೆ, ಕೈಕಾಲು ಸೋಲುತ್ತವೆ. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಉರಿಯೂತ ಇಳಿದು, ಹೋದ ಶಕ್ತಿ ಅಷ್ಟೋ ಇಷ್ಟೋ ತಾನಾಗಿ ಮರಳುತ್ತದೆ. ಜನ ಹೊಸ ಚಿಕಿತ್ಸೆ ಹುಡುಕಿಕೊಂಡು ಹೊರಡುವುದು ಕಾಯಿಲೆ ಜೋರಾಗಿದ್ದಾಗಲೇ. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ ಹಲವರಿಗೆ ಹಗುರವಾಗುತ್ತದೆ. ಹೆಸರು ಚಿಕಿತ್ಸೆಗೆ ಸಲ್ಲುತ್ತದೆ.

ಹೀಗೆ ಆಗಿದ್ದಕ್ಕೆ ದೊಡ್ಡ ಉದಾಹರಣೆಯೇ ಇದೆ. ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ಪಾವ್ಲೊ ಜಂಬೋನಿ ರಕ್ತನಾಳಗಳ ವೈದ್ಯರು. ಅವರ ಪತ್ನಿಗೂ ಎಂಎಸ್ ಇತ್ತು. ಕುತ್ತಿಗೆಯ ರಕ್ತನಾಳಗಳು ಕಿರಿದಾಗಿ ಮಿದುಳಿನಿಂದ ರಕ್ತ ಸರಿಯಾಗಿ ಇಳಿಯದಿರುವುದಕ್ಕೂ ಈ ಕಾಯಿಲೆಗೂ ನಂಟಿದೆ ಎಂದು ಅವರು ವಾದಿಸಿದರು. ಬಲೂನಿನಿಂದ ಆ ನಾಳಗಳನ್ನು ಹಿಗ್ಗಿಸಿಕೊಂಡ 65 ಮಂದಿಯ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಅದರಲ್ಲಿರಲಿಲ್ಲ. ಸುದ್ದಿ ಹರಡಿತು. ವಿಶೇಷವಾಗಿ ಕೆನಡಾದ ರೋಗಿಗಳು ಸಾಲ ಮಾಡಿ, ಚಂದಾ ಎತ್ತಿ ಬೇರೆ ದೇಶಗಳಿಗೆ ಹೋದರು. ಸಾವು, ಪಾರ್ಶ್ವವಾಯು, ನಾಳ ತೆರೆದಿಡಲು ಒಳಗಿಟ್ಟ ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಜಾಗ ಬಿಟ್ಟು ಸರಿದ ಪ್ರಕರಣಗಳು ವರದಿಯಾಗಿ, 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ನೀಡಿತು. ಎಂಎಸ್ ಇಲ್ಲದವರಲ್ಲೂ ಇಂಥ ಕಿರಿದಾದ ನಾಳಗಳು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇರುತ್ತವೆ ಎಂಬುದು 2013ರಲ್ಲಿ ಕೆನಡಾದ ಅಧ್ಯಯನದಿಂದ ತಿಳಿಯಿತು. ಕೊನೆಗೆ ಜಂಬೋನಿ ಅವರೇ 130 ರೋಗಿಗಳ ಮೇಲೆ ಸರಿಯಾದ ಪ್ರಯೋಗ ನಡೆಸಿದರು: ಕೆಲವರಿಗೆ ನಿಜವಾದ ಬಲೂನು, ಉಳಿದವರಿಗೆ ಬಲೂನು ಹಿಗ್ಗಿಸಿದಂತೆ ತೋರಿಕೆ ಮಾತ್ರ. 2017ರಲ್ಲಿ ಬಂದ ಫಲಿತಾಂಶ, ಪ್ರಯೋಜನವಿಲ್ಲ ಎಂದಿತು. ತಮ್ಮ ಊಹೆಯನ್ನು ತಾವೇ ಹೀಗೆ ಒರೆಗೆ ಹಚ್ಚಿದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ. ಆದರೆ ಆ ಎಂಟು ವರ್ಷಗಳಲ್ಲಿ ರೋಗಿಗಳು ತೆತ್ತದ್ದು ಮರಳಿ ಬರಲಿಲ್ಲ.

ಇನ್ನು ಸ್ಟೆಮ್ ಸೆಲ್. ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಕಿತ್ಸೆಗಳಿವೆ. ಮೊದಲನೆಯದರಲ್ಲಿ ರೋಗಿಯದೇ ರಕ್ತಮೂಲ ಕೋಶಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು) ತೆಗೆದಿಟ್ಟು, ಕೀಮೋಥೆರಪಿಯಿಂದ ರೋಗನಿರೋಧಕ ವ್ಯವಸ್ಥೆಯನ್ನು ಬಹುತೇಕ ಅಳಿಸಿ, ಆ ಕೋಶಗಳಿಂದ ಮತ್ತೆ ಕಟ್ಟುತ್ತಾರೆ. 2019ರಲ್ಲಿ ಪ್ರಕಟವಾದ 110 ರೋಗಿಗಳ ಪ್ರಯೋಗದಲ್ಲಿ, ರಿಲ್ಯಾಪ್ಸ್ ನಿಲ್ಲದವರಿಗೆ ಇದು ಆಗ ಬಳಸಿದ ಔಷಧಿಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ಸೋಂಕು, ಬಂಜೆತನ, ಅಪರೂಪಕ್ಕೆ ಸಾವಿನ ಅಪಾಯವೂ ಇದೆ. ಎರಡನೆಯದು ಕೊಬ್ಬಿನಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಕೋಶಗಳನ್ನು ಚುಚ್ಚಿ, ನರ ಮತ್ತೆ ಬೆಳೆಯುತ್ತದೆ ಎಂದು ಹೇಳಿ ಹಣ ಪಡೆಯುವುದು. ಕಾಲಿಗೆ ಬಲ ಮರಳಿಸುತ್ತದೆಂದು ಇದು ಸಾಬೀತಾಗಿಲ್ಲ. ನೀವು ನೋಡಿದ್ದು ಯಾವುದು ಎಂದು ಮೊದಲು ಗುರುತಿಸಿಕೊಳ್ಳಿ. ಮೊದಲನೆಯದಾದರೆ, ‘ನಾನು ಅದಕ್ಕೆ ತಕ್ಕವನೇ?’ ಎಂದು ನರತಜ್ಞರನ್ನು ನೇರವಾಗಿ ಕೇಳಿ. ರಿಲ್ಯಾಪ್ಸ್ ಇಲ್ಲದೆ ನಿಧಾನವಾಗಿ ಕುಗ್ಗುತ್ತಿರುವವರಿಗೆ ಅದರ ಪ್ರಯೋಜನ ಕಡಿಮೆ.

ಕಳೆದುಕೊಳ್ಳುವುದರಲ್ಲಿ ಹಣಕ್ಕಿಂತ ನನಗೆ ಭಯ ಹುಟ್ಟಿಸುವುದು ಈಗಿನ ಔಷಧಿಯನ್ನು ಬಿಡುವುದು. ‘ನಮ್ಮದು ಶುರು ಮಾಡುವ ಮುನ್ನ ಅದನ್ನು ನಿಲ್ಲಿಸಿ’ ಎನ್ನುವವರುಂಟು. ನಟಾಲಿಜುಮ್ಯಾಬ್, ಫಿಂಗೋಲಿಮೋಡ್‌ನಂಥ ಎಂಎಸ್ ಔಷಧಿಗಳನ್ನು ತಟಕ್ಕನೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ರಭಸದಿಂದ ಮರುಕಳಿಸಬಹುದು. ಹಾಗೆ ಹೋದ ಬಲ ಪೂರ್ತಿ ಮರಳದೇ ಇರಬಹುದು. ಒಮ್ಮೆ ಸಾಬೀತಾಗದ ಚಿಕಿತ್ಸೆ ಪಡೆದವರನ್ನು ಮುಂದೆ ಒಳ್ಳೆಯ ಪ್ರಯೋಗಕ್ಕೆ ಸೇರಿಸಿಕೊಳ್ಳದಿರುವುದೂ ಉಂಟು.

ಇಷ್ಟಾದ ಮೇಲೂ ಮಾಡಿಸಿಕೊಳ್ಳಬೇಕೆನಿಸಿದರೆ, ದೇಹ ನಿಮ್ಮದು, ತೀರ್ಮಾನವೂ ನಿಮ್ಮದೇ. ಆದರೆ ಮೊದಲು ನೋಂದಾಯಿತ ಕ್ಲಿನಿಕಲ್ ಟ್ರಯಲ್ ಇದೆಯೇ ಹುಡುಕಿ. ಅಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಇರುತ್ತದೆ, ಪ್ರಯೋಗದ ಚಿಕಿತ್ಸೆಗೆ ರೋಗಿ ಸಾಮಾನ್ಯವಾಗಿ ಹಣ ಕೊಡಬೇಕಿಲ್ಲ. ಬೇರೆಡೆ ಹೋಗುವುದಾದರೆ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಹೊರಡುವ ಮುನ್ನ ಎಂಆರ್‌ಐ ಮಾಡಿಸಿ, 25 ಅಡಿ ನಡೆಯಲು ಎಷ್ಟು ಸೆಕೆಂಡ್ ಬೇಕೆಂದು ಅಳೆಸಿಡಿ. ಎಷ್ಟು ತಿಂಗಳಲ್ಲಿ ಏನು ಬದಲಾಗದಿದ್ದರೆ ನಿಲ್ಲಿಸುತ್ತೀರಿ ಎಂಬುದನ್ನೂ ಮನೆಯವರ ಎದುರು ಬರೆದಿಡಿ. ನಿಮ್ಮ ನರತಜ್ಞರಿಗೆ ಮುಚ್ಚಿಟ್ಟು ಮಾತ್ರ ಮಾಡಿಸಿಕೊಳ್ಳಬೇಡಿ. ಅವರು ಒಪ್ಪದಿದ್ದರೂ, ಔಷಧಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಲು ಅವರಿಗೆ ಇದು ಗೊತ್ತಿರಲೇಬೇಕು.